ನಾಲ್ಕನೇ ತೊಟ್ಟಿ

"ಈ ವಾಲ್ವ್ ಮುಚ್ಚಿದವರು ಯಾರು?"

ಕೇಳಿದವಳು ಅರ್ಗಿರೋ. ಉತ್ತರ ಕೊಡುವುದಕ್ಕೆ ಅಲ್ಲಿ ನರಪಿಳ್ಳೆಯೂ ಇರಲಿಲ್ಲ. ಗುಡ್ಡದ ಮೇಲೆ ಹೊಸದಾಗಿ ಎದ್ದ ಮೂವತ್ತು ಬಿಳಿ ಮನೆಗಳು ಬಾಗಿಲು ಕಿಟಕಿ ಭದ್ರ ಮಾಡಿಕೊಂಡು ನಿಂತಿದ್ದವು. ಬೇಸಿಗೆಗೆ ಬಂದವರು ಸೆಪ್ಟೆಂಬರ್ ಮುಗಿಯುವ ಮೊದಲೇ ಹಡಗು ಹತ್ತಿ ಹೋಗಿದ್ದರು. ತೊಟ್ಟಿಯ ಕಬ್ಬಿಣದ ಮುಚ್ಚಳವನ್ನು ಎತ್ತಿ ಹಿಡಿದ ಅವಳ ಕೈ ಹಾಗೆಯೇ ನಿಂತುಬಿಟ್ಟಿತು. ಒಳಗೆ ನೀರು ಕಂಠಮಟ್ಟ ತುಂಬಿ, ಕಪ್ಪಗೆ, ಅಲುಗದೆ ಕೂತಿತ್ತು.

ಅಲ್ಲಿ ಇರಬಾರದ ನೀರು ಅದು. ಅಂಥ ನಾಲ್ಕು ತೊಟ್ಟಿಗಳಿದ್ದವು, ನಾಲ್ಕರ ಕೆಲಸವೂ ಖಾಲಿ ಇರುವುದು. ಹಿಂದೆ ಈ ಇಳಿಜಾರಿನಲ್ಲಿ ಕಲ್ಲು ಕಟ್ಟಿದ ಮೆಟ್ಟಿಲು ಹೊಲಗಳಿದ್ದವು, ಮುಳ್ಳುಪೊದೆಗಳಿದ್ದವು. ಮಳೆ ಬಿದ್ದರೆ ಮೊದಲು ಅವು ಕುಡಿಯುತ್ತಿದ್ದವು, ಮಿಕ್ಕಿದ್ದು ಹಳ್ಳಕ್ಕೆ. ಈಗ ಹೊಲದ ಜಾಗದಲ್ಲಿ ತಾರಸಿ, ಅಂಗಳ, ಈಜುಕೊಳ, ಕಾಂಕ್ರೀಟ್ ರಸ್ತೆ. ಕುಡಿಯುವವರು ಹೋದರು, ಬೀಳುವ ಮಳೆ ಮಾತ್ರ ಬೀಳುತ್ತಲೇ ಇದೆ. ಅದಕ್ಕೇ ಈ ತೊಟ್ಟಿಗಳು. ಜಡಿಮಳೆಯ ನೀರನ್ನು ಒಂದು ಹೊತ್ತು ಹೊಟ್ಟೆಯಲ್ಲಿ ಇಟ್ಟುಕೊಂಡು, ಬುಡದ ತೂಬಿನಿಂದ ಸಣ್ಣಗೆ, ಸಮಾಧಾನವಾಗಿ ಕೆಳಗೆ ಬಿಡಬೇಕು. ತುಂಬಿದ ಹೊಟ್ಟೆಗೆ ಇನ್ನೊಂದು ತುತ್ತು ಹಿಡಿಯುವುದಿಲ್ಲ. ಅಷ್ಟನ್ನು ತಿಳಿಯುವುದಕ್ಕೆ ಎಂಜಿನಿಯರ್ ಆಗಬೇಕಾಗಿಯೂ ಇಲ್ಲ.

ಅರ್ಗಿರೋ ಎಂಜಿನಿಯರ್ ಆಗಿದ್ದಳು. ದ್ವೀಪದ ಪುರಸಭೆಗೆ ಇದ್ದವಳು ಅವಳೊಬ್ಬಳೇ. ಎರಡು ವರ್ಷ ಹೆಣಗಿ ಒಂದು ಹೊಸ ನಿಯಮ ಬರೆದಿದ್ದಳು. ಇನ್ನು ಮುಂದೆ ಈ ಊರಿನಲ್ಲಿ ಕಟ್ಟುವವನು ತನ್ನ ಜಾಗದ ಮೇಲೆ ಬಿದ್ದ ಮಳೆಗೆ ತಾನೇ ಹೊಣೆ, ನೆರೆಯವನ ಮೇಲೆ ದಬ್ಬುವ ಹಾಗಿಲ್ಲ ಎಂಬುದು ಅದರ ತಿರುಳು. ಶುಕ್ರವಾರ ಅದು ಸಭೆಯ ಮುಂದೆ ಬರುವುದಿತ್ತು. ಈ ಮೂವತ್ತು ಮನೆಗಳ ಮಾಲೀಕರು ಪ್ರಯೋಗಕ್ಕೆಂದು ಮೊದಲೇ ಒಪ್ಪಿ, ನಿಯಮದಂತೆ ತೊಟ್ಟಿ ಕಟ್ಟಿಸಿದ್ದರು.

ಅವಳು ತಲೆ ಎತ್ತಿ ದಕ್ಷಿಣಕ್ಕೆ ನೋಡಿದಳು. ಮೂರು ದಿನದಿಂದ ಬೀಸುತ್ತಿದ್ದ ಅಂಟಂಟು ಗಾಳಿ ಈಗ ನಿಂತಿತ್ತು. ಸಮುದ್ರ ಸೀಸದ ಬಣ್ಣ ತಿರುಗಿತ್ತು. ಅದರಾಚೆ ಮೋಡ ಗೋಡೆಯ ಹಾಗೆ ಎದ್ದು, ನಿಂತಲ್ಲೇ ಬೆಳೆಯುತ್ತಿತ್ತು. ಮಧ್ಯಾಹ್ನ ಊರಿನ ಎಲ್ಲ ಮೊಬೈಲುಗಳೂ ಒಟ್ಟಿಗೆ ಕಿರುಚಿ ಎಚ್ಚರಿಕೆ ಹೇಳಿದ್ದವು. ಮೊನ್ನೆಯೂ ಕಿರುಚಿದ್ದವು, ಹನಿ ಬಿದ್ದಿರಲಿಲ್ಲ. ಹೀಗಾಗಿ ಜನ ನಕ್ಕು ಜೇಬಿಗೆ ಹಾಕಿಕೊಂಡಿದ್ದರು.

ಆಮೇಲೆ ಕೆಳಗೆ ನೋಡಿದಳು. ಅವಳ ಕಾಲ ಬುಡದಿಂದ ಹೊರಟ ಹಳ್ಳ ಊರಿನ ಪಕ್ಕೆ ಸವರಿಕೊಂಡು ಇಳಿದು ಬಂದರಿನಲ್ಲಿ ಸಮುದ್ರ ಸೇರುತ್ತಿತ್ತು. ವರ್ಷದ ಹನ್ನೊಂದು ತಿಂಗಳು ಒಣಗಿರುವ ಹಳ್ಳ. ಊರಿಗೆ ಅದೇ ರಸ್ತೆ, ಅದೇ ಕಾರು ನಿಲ್ಲಿಸುವ ಜಾಗ. ಸಮುದ್ರ ಸೇರುವ ಬಾಯಲ್ಲಿ, ಹಳ್ಳದ ಪಾತ್ರದಲ್ಲೇ, ಸಂತ ದಿಮಿತ್ರಿಯ ಪುಟ್ಟ ಗುಡಿ. ನಾಳೆ ಸಂತನ ಹಬ್ಬ. ಇವತ್ತು ಸಂಜೆ ಪೂಜೆಗೆ, ಹೊಸ ವೈನಿನ ಪೀಪಾಯಿ ತೆರೆಯುವುದಕ್ಕೆ, ಊರಿಗೆ ಊರೇ ಆ ಗುಡಿಯ ಸುತ್ತ ಸೇರುತ್ತಿತ್ತು. ಪೂಜೆ ನಡೆಸುವ ಪಾದ್ರಿ ಅವಳ ಗಂಡ, ಊರವರ ಬಾಯಲ್ಲಿ ಪಾಪಾ ಮಾರ್ಕೆಲೋಸ್.

ಬೆಳಿಗ್ಗೆ ಕಾಫಿ ಕುಡಿಯುವಾಗ ಅವಳು ಗಂಡನಿಗೆ ಹೇಳಿದ್ದಳು: "ಇವತ್ತು ಮಳೆ ಬೇಡ ಅಂತ ಕೇಳ್ಕೊಳ್ಳಿ."

"ಬಂದ ಎರಡು ಮಳೆ ಸಾಲ್ದು, ಒಳ್ಳೆ ಮಳೆ ಬರ್ಲಿ ಅಂತ ಊರೆಲ್ಲ ಎರಡು ತಿಂಗಳಿಂದ ನನ್ನ ತಲೆ ತಿಂತಿದೆ," ಎಂದು ಅವನು ಗಡ್ಡ ನೀವಿಕೊಂಡಿದ್ದ. "ನೀನು ಬೇಡ ಅನ್ನು, ನಾನು ಬೇಕು ಅಂತೀನಿ. ಗಂಡ ಹೆಂಡತಿ ಜಗಳ ಅವನೇ ಬಿಡಿಸ್ಲಿ." ಆಮೇಲೆ ಅವಳ ಮುಖ ನೋಡಿ ನಗು ಬಿಟ್ಟಿದ್ದ. "ಕೆಟ್ಟದ್ದು ಅನ್ನಿಸಿದ್ರೆ ಗುಡಿ ಬಾಗಿಲಿಗೆ ಬಂದು ನಿಂತ್ಕೋ. ಮಾತಾಡ್ಬೇಡ. ನಿಂತ್ಕೋ ಸಾಕು."

ತೊಟ್ಟಿಯ ಪಕ್ಕದ ಗುಂಡಿಯಲ್ಲಿ ವಾಲ್ವಿನ ಚಕ್ರ ಕಾಣುತ್ತಿತ್ತು. ಆದರೆ ಗುಂಡಿಗೆ ಜಾಲರಿ, ಜಾಲರಿಗೆ ಬೀಗ. ಅವಳು ಬೀಗ ಎಳೆದು ನೋಡುತ್ತಿರುವಾಗಲೇ ಹಿಂದಿನಿಂದ ಕೀಲಿಗೊಂಚಲಿನ ಸದ್ದು ಕೇಳಿಸಿತು.

"ಯಾರೇ ಅದು, ನನ್ನ ನೀರನ್ನ ಬಗ್ಗಿ ನೋಡ್ತಿರೋದು?"

ಫ್ರೋಸೋ. ಎಪ್ಪತ್ತಾರರ ಮುದುಕಿ, ತಲೆಗೆ ಕಪ್ಪು ವಸ್ತ್ರ, ಸೊಂಟದಲ್ಲಿ ಮೂವತ್ತೂ ಮನೆಯ ಕೀಲಿ. ಚಳಿಗಾಲದಲ್ಲಿ ಆ ಮನೆಗಳನ್ನು ಕಾಯುವವಳು. ಅಷ್ಟೇ ಆಗಿದ್ದರೆ ಅರ್ಗಿರೋ ಒಂದು ಮಾತು ಗದರಿ ಕೀಲಿ ಇಸಿದುಕೊಳ್ಳುತ್ತಿದ್ದಳೋ ಏನೋ. ಆದರೆ ಫ್ರೋಸೋ ಅವಳ ನೋನಾ, ಧರ್ಮತಾಯಿ. ದೀಕ್ಷಾಸ್ನಾನದ ದಿನ ಅವಳನ್ನು ಎತ್ತಿಕೊಂಡು ದೇವರಿಗೆ ಮಾತು ಕೊಟ್ಟವಳು, ಅವಳ ಹೆಸರನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದವಳು. ಈ ದ್ವೀಪದಲ್ಲಿ ಹೆತ್ತ ತಾಯಿಗೆ ಎದುರಾಡಿದವರಿದ್ದಾರೆ. ನೋನಾಗೆ ಎದುರಾಡಿದವರ ಕಥೆಯನ್ನು ಯಾರೂ ಹೇಳಿದ್ದಿಲ್ಲ.

"ನಾನು, ನೋನಾ."

"ನೀನಾ! ನೋಡಿದ್ಯಾ? ನೋಡಿದ್ಯೇನೇ? ನಾಲ್ಕೂ ಬಾಯಿಮಟ್ಟ!" ಮುದುಕಿಯ ಮುಖ ಅರಳಿತು. "ಮೊದಲನೇ ಮಳೆ ಕೊಳೆ ತೊಳ್ಕೊಂಡು ಹೋಗ್ಲಿ ಅಂತ ಬಿಟ್ಟೆ. ಎರಡನೇ ಮಳೆ ಬಂದಾಗ ತಿರುಗಿಸಿ ಮುಚ್ದೆ. ಒಂದು ಹನಿ ಆಚೆ ಹೋಗಿಲ್ಲ. ಈಗ ನನ್ನ ಕೈಗೊಂದು ಮುತ್ತು ಕೊಡು."

"ನೋನಾ, ಇವು ತೆರೆದೇ ಇರ್ಬೇಕು ಅಂತ ಹೇಳಿದ್ದೆ."

"ಹೇಳಿದ್ದೆ. ಓದಿದೋರು ಏನೇನೋ ಹೇಳ್ತಾರೆ. ಮುಚ್ಚೋಕಲ್ದೆ ಮತ್ಯಾಕೆ ಇಟ್ಟಿರೋದು ವಾಲ್ವ್ ಅನ್ನೋದನ್ನ?"

ಮುದುಕಿ ಕೇಳಿದ್ದು ಸರಿಯಾಗಿಯೇ ಇತ್ತು. ನಿಯಮದ ಮೊದಲ ಕರಡಿನಲ್ಲಿ ವಾಲ್ವ್ ಇರಲಿಲ್ಲ. ಬರೀ ತೂಬು, ಸದಾ ತೆರೆದ ತೂಬು, ಯಾರ ಕೈಗೂ ಸಿಗದ್ದು. ವಸಂತದಲ್ಲಿ, ಈಸ್ಟರ್ ಹಬ್ಬದ ಮರುದಿನ, ಫ್ರೋಸೋ ಅವಳ ಅಡುಗೆಮನೆಗೆ ಬಂದು, ಹಬ್ಬಕ್ಕೆ ಕೆಂಪು ಬಣ್ಣ ಹಾಕಿದ ಮೊಟ್ಟೆ ಸುಲಿಯುತ್ತ, ಮೆತ್ತಗೆ ಕೇಳಿದ್ದಳು: "ಒಂದು ವಾಲ್ವ್ ಇಡಿಸು ಕೂಸೇ. ನೀರು ತಾನೇ ತಾನಾಗಿ ಹರಿದು ಸಮುದ್ರಕ್ಕೆ ಹೋಗೋದನ್ನ ನೋಡ್ಕೊಂಡು ಇರೋಕೆ ನನ್ನಿಂದಾಗಲ್ಲ." ಪುರಸಭೆಯ ಅಧ್ಯಕ್ಷ ಝಾನಿಸ್ ಅದನ್ನು ಕೇಳಿ ಕುಣಿದಾಡಿದ್ದ; ವಾಲ್ವ್ ಇದ್ದರೆ ಮುದುಕರ ಮತವೂ ಬರುತ್ತದೆ, ಸಭೆಯೂ ಒಪ್ಪುತ್ತದೆ. ನೋನಾ ಕೇಳಿದ್ದು ಅಂತ ಅರ್ಗಿರೋ ಹೂಂ ಅಂದಿದ್ದಳು. ಮಳೆಗಾಲದಲ್ಲಿ ತೆರೆದಿಡಬೇಕು ಎಂದು ಒಂದು ಸಾಲು ಸೇರಿಸಿ, ಸಾಲು ಬರೆದ ಮೇಲೆ ಎಲ್ಲ ಸರಿಯಾಯಿತು ಅಂದುಕೊಂಡಿದ್ದಳು. ನೀರಿಗಾಗಿ ಹಡಗು ಕಾದು ಬೆಳೆದ ಊರಿನಲ್ಲಿ, ನೀರು ಹಿಡಿದಿಟ್ಟ ಪಾತ್ರೆಯ ಬಾಯಿ ತೆರೆದಿಡಿ ಎಂದು ಬರೆದದ್ದನ್ನು ಯಾರು ಪಾಲಿಸುತ್ತಾರೆ? ಅವಳೂ ಅದೇ ಊರಿನವಳು. ತನ್ನ ಜನ ಗೊತ್ತಿದ್ದೂ ಬರೆದಿದ್ದಳು.

"ಕೀಲಿ ಕೊಡು ನೋನಾ. ಈಗ್ಲೇ ತೆರೀಬೇಕು."

"ಹುಚ್ಚು ಹಿಡೀತೇನೇ ನಿಂಗೆ?"

"ಅಲ್ನೋಡು." ಅರ್ಗಿರೋ ದಕ್ಷಿಣಕ್ಕೆ ಕೈ ತೋರಿಸಿದಳು. ಮೋಡದೊಳಗೆ ಸದ್ದಿಲ್ಲದೆ ಒಂದು ಬೆಳಕು ಹೊಳೆದು ಆರಿತು. "ಅದು ಇಲ್ಲಿ ಬಿದ್ರೆ ಈ ನಾಲ್ಕೂ ಕೋಡಿ ಬೀಳ್ತವೆ. ಮೂವತ್ತು ಮನೆ ನೀರು ಒಟ್ಟಿಗೆ ಹಳ್ಳಕ್ಕೆ ಇಳಿಯುತ್ತೆ. ಹಳ್ಳದಲ್ಲಿ ಈಗ ಯಾರಿದ್ದಾರೆ ಗೊತ್ತಲ್ಲ?"

ಮುದುಕಿ ಕೆಳಗೆ ನೋಡಿದಳು. ಗುಡಿಯ ಗಂಟೆ ಆಗತಾನೇ ಮೊದಲ ಕರೆ ಬಾರಿಸಿತು. ಅವಳು ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡು, ಗೊಂಚಲಿನಿಂದ ಕೀಲಿ ಬಿಡಿಸತೊಡಗಿದಳು.

ಮೊದಲ ಚಕ್ರ ಸುಲಭವಾಗಿ ತಿರುಗಿತು. ನೀರು ತೂಬಿನಿಂದ ಹೊರಬಿದ್ದು ಒಣ ಕಲ್ಲಿನ ಮೇಲೆ ಹರಿದ ಸದ್ದು ಕೇಳಿದ್ದೇ ಫ್ರೋಸೋ, ಯಾರೋ ತನಗೆ ಹೊಡೆದ ಹಾಗೆ, ಮುಖ ತಿರುಗಿಸಿಕೊಂಡಳು. ಎರಡನೆಯದಕ್ಕೆ ಇಬ್ಬರ ಕೈಯೂ ಬೇಕಾಯಿತು. ಮೂರನೆಯದು ತುಕ್ಕು ಹಿಡಿದು ಕೂತುಬಿಟ್ಟಿತ್ತು. ಅರ್ಗಿರೋ ಕಾರಿನಿಂದ ಕಬ್ಬಿಣದ ಸಲಾಕೆ ತಂದು, ಚಕ್ರದ ಕಡ್ಡಿಗೆ ಸಿಗಿಸಿ, ಮೈಭಾರವನ್ನೆಲ್ಲ ಹಾಕಿ ನೇತುಬಿದ್ದ ಮೇಲೆ ಕಿರ್ರೆಂದು ಜಗ್ಗಿತು. ಅವಳ ಅಂಗೈ ಸುಲಿದು ರಕ್ತ ಬಂತು. ಆಗ ಮೊದಲ ಹನಿ ಬಿತ್ತು. ಬೆಚ್ಚಗಿನ, ದಪ್ಪ ಹನಿ. ಕಾಂಕ್ರೀಟಿನ ಮೇಲೆ ಬಿದ್ದಲ್ಲಿ ನಾಣ್ಯದಗಲ ಕಲೆ.

ನಾಲ್ಕನೇ ತೊಟ್ಟಿ ಅಂಚಿನಲ್ಲಿತ್ತು. ಅದರ ಕೆಳಗೆ ಹಳೆಯ ಕಲ್ಲುಗೋಡೆ, ಗೋಡೆಯ ಕೆಳಗೆ ನೇರವಾಗಿ ಹಳ್ಳ. ಫ್ರೋಸೋ ಅದರ ಜಾಲರಿಯ ಮೇಲೆ ಹೋಗಿ ನಿಂತಳು.

"ಇದೊಂದು ಬಿಡು."

"ನೋನಾ—"

"ಮೂರು ಕೊಟ್ಟೆ. ಇದರಲ್ಲಿ ಹಾವುಮೀನು ಬಿಟ್ಟಿದ್ದೀನಿ. ನಮ್ಮಪ್ಪನ ತೊಟ್ಟೀಲಿ ಇರ್ತಿತ್ತಲ್ಲ, ಹಾಗೆ. ಹುಳ ಹುಪ್ಪಟೆ ತಿಂದು ನೀರನ್ನ ಕನ್ನಡಿ ಥರ ಇಟ್ಟಿದೆ. ಇದು ಕುಡಿಯೋ ನೀರು ಕಣೇ! ಮುಂದಿನ ಬೇಸಿಗೆಗೆ ಇಡೀ ಬೀದಿ ಕುಡೀಬಹುದು. ಒಂದು ಬಿಡು. ನಾನು ಕೇಳ್ತಿದ್ದೀನಿ."

ಜಗಳವಾಡಿದ್ದರೆ ಕೀಲಿ ಸಿಗುತ್ತಿತ್ತೇನೋ. ಆದರೆ ಜಗಳಕ್ಕೆ ಹೊತ್ತು ಬೇಕು. ಕೆಳಗೆ ಗುಡಿಯಲ್ಲಿ ಎರಡನೇ ಗಂಟೆ ಆಯಿತು, ಹನಿಗಳು ಒಂದಕ್ಕೊಂದು ಹತ್ತಿರವಾಗತೊಡಗಿದವು. ನಾಲ್ಕರಲ್ಲಿ ಮೂರು ತೆರೆದಿವೆ, ಅಷ್ಟಾದರೂ ಆಯಿತಲ್ಲ ಎಂದು ಅರ್ಗಿರೋ ತನಗೆ ತಾನೇ ಹೇಳಿಕೊಂಡಳು. ಹೇಳಿಕೊಳ್ಳುವಾಗಲೇ ಅದು ಹುಸಿ ಸಮಾಧಾನ ಎಂದು ಗೊತ್ತಿತ್ತು. "ಮನೆ ಒಳಗೆ ಹೋಗು ನೋನಾ, ಹಳ್ಳದ ಕಡೆ ಕಾಲಿಡ್ಬೇಡ," ಎಂದವಳೇ ಕಾರಿಗೆ ಓಡಿದಳು.

ಬಂದರಿನಲ್ಲಿ ಹಬ್ಬ ಕಳೆಗಟ್ಟಿತ್ತು. ಗುಡಿಯೊಳಗೆ ಹಿಡಿಯುವುದು ಇಪ್ಪತ್ತು ಜನ; ಮಿಕ್ಕವರು ಹೊರಗೆ, ಹಳ್ಳದ ಉರುಟುಕಲ್ಲುಗಳ ಮೇಲೆ, ಒಳ್ಳೆಯ ಬಟ್ಟೆ ಹಾಕಿಕೊಂಡು ನಿಂತಿದ್ದರು. ಉದ್ದನೆಯ ಮೇಜುಗಳ ಮೇಲೆ ಸುಟ್ಟ ಮೀನು, ಆಲಿವ್, ಕಡಲೆ ಬೇಯಿಸಿದ ಮಡಕೆಗಳು. ಪೀಪಾಯಿಗಳ ಮೇಲೆ ತಾಡಪಾಲು ಎಳೆದಿದ್ದರು. ಮಳೆ ಹನಿದಾಗೆಲ್ಲ ಜನ ಹೋ ಎಂದು ಕೂಗಿ ಮುಖ ಮೇಲೆ ಮಾಡುತ್ತಿದ್ದರು. ಎರಡು ತಿಂಗಳ ಬೇಡಿಕೆ ಕೈಗೂಡುತ್ತಿರುವಾಗ ಕೊಡೆ ಬಿಚ್ಚುವುದು ಅಪಚಾರ ಅನ್ನುವ ಹಾಗೆ, ಒಬ್ಬರೂ ಕೊಡೆ ಬಿಚ್ಚಿರಲಿಲ್ಲ.

ಅರ್ಗಿರೋ ಅಧ್ಯಕ್ಷ ಝಾನಿಸ್‌ನ ತೋಳು ಹಿಡಿದಳು. "ಜನರನ್ನ ಮೇಲಕ್ಕೆ ಕಳಿಸಿ. ಶಾಲೆ ಅಂಗಳಕ್ಕೆ. ಈಗ್ಲೇ."

"ಏನು ಪಾಪಾದಿಯಾ, ಪೂಜೆ ಮಧ್ಯದಲ್ಲಾ?" ಪಾದ್ರಿಯ ಹೆಂಡತಿ ಎಂದು ಊರವರು ಅವಳನ್ನು ಕರೆಯುತ್ತಿದ್ದದ್ದು ಹಾಗೆ; ಝಾನಿಸ್‌ನ ಬಾಯಲ್ಲಿ ಅದರಲ್ಲೊಂದು ಕೊಂಕು ಯಾವಾಗಲೂ ಇರುತ್ತಿತ್ತು. "ನಿಮ್ಮ ಯಜಮಾನರೇ ಒಳಗೆ ರೊಟ್ಟಿ ಮಂತ್ರಿಸ್ತಿದ್ದಾರೆ. ನಾನು ಎದ್ದು, ಏಳ್ರಪ್ಪ ಮೇಲಕ್ಕೆ ಹೋಗಿ ಅಂದ್ರೆ ಕಲ್ಲು ತಗೊಳ್ತಾರೆ."

"ತೊಟ್ಟಿಗಳು ತುಂಬಿವೆ. ನಾಲ್ಕನೇದು ತೆರೆಯೋಕಾಗಿಲ್ಲ."

ಅವನ ಮುಖದ ಬಣ್ಣ ಒಂದು ಗಳಿಗೆ ಇಳಿಯಿತು. ಆದರೂ ಸುತ್ತ ನೋಡಿ ದನಿ ತಗ್ಗಿಸಿದ: "ಮೊನ್ನೆ ಮೊಬೈಲ್ ಕೂಗಿದ್ದಕ್ಕೆ ದೋಣಿ ಎಲ್ಲ ಎಳೆಸಿ ನಗೆಪಾಟಲಾದೆ. ಇನ್ನೊಂದ್ಸಲ ಆದ್ರೆ ನನ್ನ ಯಾರೂ ನಂಬಲ್ಲ."

ಪಕ್ಕದಲ್ಲಿ ತನ್ನ ಮೀನಿನ ವ್ಯಾನಿಗೆ ಒರಗಿ ನಿಂತಿದ್ದ ಲಿನಾರ್ದೋಸ್ ಎಂಬವನು ಲೋಟ ಎತ್ತಿದ. "ಪಾಪಾದಿಯಾ, ನೆನೆದುಹೋಗಿದ್ದೀರಿ, ಒಂದು ಗುಟುಕು ಹಾಕಿ! ನಮ್ಮಜ್ಜನ ಕಾಲದಿಂದ ಈ ಹಳ್ಳ ಒಂದು ಕಪ್ಪೇನೂ ಮುಳುಗಿಸಿಲ್ಲ."

"ನಿಮ್ಮಜ್ಜನ ಕಾಲದಲ್ಲಿ ಮೇಲೆ ಕಾಂಕ್ರೀಟ್ ಇರ್ಲಿಲ್ಲ," ಎಂದಳು ಅವಳು. ಆದರೆ ಅವನ ಸುತ್ತಲಿನವರು ಆಗಲೇ ನಗುತ್ತಿದ್ದರು.

ಅವಳು ಜನರನ್ನು ಸರಿಸಿಕೊಂಡು ಗುಡಿಯ ಬಾಗಿಲಿಗೆ ಬಂದಳು. ಒಳಗೆ ಮೇಣದ ಬತ್ತಿಗಳ ಬಿಸಿ, ಸಾಂಬ್ರಾಣಿಯ ಹೊಗೆ. ಐದು ರೊಟ್ಟಿಗಳ ಮುಂದೆ ಅವಳ ಗಂಡ ಬೆನ್ನು ಮಾಡಿ ನಿಂತಿದ್ದ. ಸಂಜೆಯ ಪೂಜೆ ಶುರುವಾಗುವುದೇ ನೀರಿಗೆ ಮೇರೆ ಹಾಕಿದ ದೇವರ ಹೊಗಳಿಕೆಯಿಂದ. ಚಿಕ್ಕಂದಿನಿಂದ ಕೇಳಿ ಕೇಳಿ ಅದರ ರಾಗ ಅವಳ ಉಸಿರಾಟದಲ್ಲೇ ಸೇರಿಹೋಗಿತ್ತು. ಆ ಮಾತು ಇವತ್ತು ತಾನು ಬರುವ ಮೊದಲೇ ಹಾಡಿ ಮುಗಿದಿದೆ ಎಂದು ಅವಳಿಗೆ ನೆನಪಾಯಿತು. ಮಾತಾಡಲಿಲ್ಲ. ಹೊಸ್ತಿಲ ಮೇಲೆ ನಿಂತಳು. ಕೂದಲಿನಿಂದ ನೀರು, ಅಂಗೈಯಿಂದ ರಕ್ತ ಕಲ್ಲಿನ ಮೇಲೆ ತೊಟ್ಟಿಕ್ಕುತ್ತಿತ್ತು.

ಮಾರ್ಕೆಲೋಸ್ ಆಶೀರ್ವಾದಕ್ಕೆಂದು ತಿರುಗಿದವನು ಅವಳನ್ನು ನೋಡಿದ. ಎತ್ತಿದ ಕೈ ಇಳಿಯಿತು. ಮರುಗಳಿಗೆಯೇ ಅವನು ಗೋಡೆಯ ಪೀಠದ ಮೇಲಿದ್ದ ಸಂತನ ಬೆಳ್ಳಿ ಕವಚದ ಪಟವನ್ನು ಎತ್ತಿ ಎದೆಗೆ ಅವುಚಿಕೊಂಡು, ಹಾಡುವವನಿಗೆ ನಿಲ್ಲಿಸಬೇಡ ಎಂದು ಸನ್ನೆ ಮಾಡಿ, ಬಾಗಿಲ ಕಡೆ ನಡೆದ. ಅವಳ ಪಕ್ಕದಲ್ಲಿ ಹಾಯುವಾಗ ಅವಳಿಗೆ ಮಾತ್ರ ಕೇಳುವ ಹಾಗೆ, "ಎಲ್ಲಿವರೆಗೆ?" ಎಂದ.

"ಶಾಲೆವರೆಗೆ. ಬೇಗ."

ಪಟದ ಮೆರವಣಿಗೆ ಹೊರಡಬೇಕಾದ್ದು ನಾಳೆ ಬೆಳಿಗ್ಗೆ. ಹೊರಗೆ ನಿಂತ ಮುದುಕಿಯರು ಕಣ್ಣು ಕಣ್ಣು ಬಿಟ್ಟರು. "ಇವತ್ತೇ ಯಾಕಮ್ಮ?" "ಪಾದ್ರಿಗೆ ಏನಾಯ್ತೇ?" ಆದರೆ ಸಂತನ ಪಟ ನಡೆದು ಹೋಗುತ್ತಿರುವಾಗ ಹಿಂದೆ ಉಳಿಯುವುದು ಆ ಊರಿನ ಕಾಲುಗಳಿಗೆ ಗೊತ್ತಿಲ್ಲ. ಎಂಜಿನಿಯರ್ ಕೂಗಿದರೆ ನಕ್ಕವರು, ಅಧ್ಯಕ್ಷ ಹೇಳಿದರೆ ಕಲ್ಲು ಎತ್ತುವವರು, ಲೋಟ ಮೇಜಿನ ಮೇಲಿಟ್ಟು, ಟೋಪಿ ತೆಗೆದು, ಹಾಡಿನ ಹಿಂದೆ ಸಾಲಾದರು. ಮೆಟ್ಟಿಲು ಕಡಿದಾಗಿತ್ತು. ಮಳೆ ಈಗ ಹನಿಯಲ್ಲ, ಹಗ್ಗ. ಮಾರ್ಕೆಲೋಸ್ ಪಟವನ್ನು ನಿಲುವಂಗಿಯಲ್ಲಿ ಮುಚ್ಚಿಕೊಂಡು ಹೆಚ್ಚುಕಡಿಮೆ ಓಡುತ್ತಿದ್ದ, ಹಾಡುವವನ ದನಿ ಏದುಸಿರಿನಲ್ಲಿ ತುಂಡಾಗುತ್ತಿತ್ತು, ಕೂಸುಗಳನ್ನು ಕಂಕುಳಲ್ಲಿ ಎತ್ತಿಕೊಂಡ ಹೆಂಗಸರು ಒಬ್ಬರನ್ನೊಬ್ಬರು ದೂಡುತ್ತಿದ್ದರು. ಅರ್ಗಿರೋ ಎಲ್ಲರಿಗಿಂತ ಹಿಂದೆ, ಮೇಜುಗಳ ಕೆಳಗೆಲ್ಲ ಬಗ್ಗಿ ನೋಡಿಕೊಂಡು, ಕೊನೆಯವರನ್ನು ಅಟ್ಟಿಕೊಂಡು ಬಂದಳು.

ಶಾಲೆಯ ಅಂಗಳ ತಲುಪಿದಾಗ ಲಿನಾರ್ದೋಸ್ ಥಟ್ಟನೆ ನಿಂತ. "ನನ್ನ ವ್ಯಾನ್," ಎಂದ. ಅವಳು ಅಂಗಿ ಹಿಡಿದಳು. ಅಂಗಿ ಕೈ ತಪ್ಪಿತು. ಅವನು ಎರಡೆರಡು ಮೆಟ್ಟಿಲು ಹಾರುತ್ತ ಇಳಿದುಹೋದ.

ಮೊದಲು ಸದ್ದು ಬಂತು. ಸಿಡಿಲಲ್ಲ, ಗಾಳಿಯಲ್ಲ, ಬೆಟ್ಟದ ಹೊಟ್ಟೆಯಲ್ಲಿ ಕಲ್ಲು ಬೀಸಿದ ಹಾಗೆ. ಆಮೇಲೆ ಹಳ್ಳದ ತಿರುವಿನಲ್ಲಿ ಕಂದು ನೀರು ಕಾಣಿಸಿತು. ಮೊಣಕಾಲೆತ್ತರ, ನೋಡನೋಡುತ್ತ ಸೊಂಟದೆತ್ತರ. ಮೇಜುಗಳು ಎದ್ದವು, ಪೀಪಾಯಿಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತ ಸಮುದ್ರದ ಕಡೆ ಹೊರಟವು, ನಿಲ್ಲಿಸಿದ್ದ ಕಾರುಗಳು ಹಗ್ಗ ಬಿಚ್ಚಿದ ದನಗಳ ಹಾಗೆ ತಿರುಗಿಕೊಂಡವು. ಗುಡಿಯ ಬಾಗಿಲೊಳಗೆ ನೀರು ಹೊಕ್ಕು ಮೇಣದ ಬತ್ತಿಗಳು ಒಟ್ಟಿಗೆ ಆರಿದವು. ಸೊಂಟದಷ್ಟು ನೀರು ಸೊಂಟದಷ್ಟೇ ನಿಂತಿದೆ, ಇನ್ನೂ ಏರುತ್ತಿಲ್ಲ. ಮೂರು ತೊಟ್ಟಿಗಳು ಹಿಡಿದಿವೆ ಎಂದು ಅರ್ಗಿರೋ ಲೆಕ್ಕ ಹಾಕುತ್ತಿದ್ದಳು.

ಆಗ ಮೇಲಿನಿಂದ ಇನ್ನೊಂದು ಸದ್ದು. ಅವಳು ತಲೆ ಎತ್ತಿದಳು. ಅಂಚಿನ ತೊಟ್ಟಿಯ ಬಾಯಿಂದ ನೀರು ಹಾಸಿನ ಹಾಗೆ ಉಕ್ಕಿ, ಕೆಳಗಿನ ಹಳೆಯ ಗೋಡೆಯ ಮೇಲೆ ಬೀಳುತ್ತಿತ್ತು. ಗೋಡೆ ಒಂದು ಸಲ ಉಬ್ಬಿತು. ಆಮೇಲೆ ಗೋಡೆ ಇರಲಿಲ್ಲ. ಕಲ್ಲುಗಳು ಹಳ್ಳಕ್ಕೆ ಉರುಳಿ, ನೀರಿನ ಜೊತೆಗೆ ನೀರಿಗಿಂತ ಜೋರಾಗಿ ಇಳಿದುಬಂದವು.

ಲಿನಾರ್ದೋಸ್ ಸಿಕ್ಕಿದ್ದು ಮಳೆ ನಿಂತ ಮೇಲೆ, ದಡದ ಮರವೊಂದನ್ನು ತಬ್ಬಿಕೊಂಡ ಸ್ಥಿತಿಯಲ್ಲಿ. ಜೀವ ಇತ್ತು. ಬಲಗಾಲು ತೊಡೆಯ ಕೆಳಗೆ ಎರಡು ಕಡೆ ಮುರಿದಿತ್ತು. ಬಡಿದದ್ದು ಗೋಡೆಯ ಕಲ್ಲು. ಹೆಲಿಕಾಪ್ಟರ್ ಬಂದು ಒಯ್ಯುವವರೆಗೆ ಅವನು ಅರ್ಗಿರೋಳ ಕೈ ಬಿಡಲಿಲ್ಲ. ಒಂದೇ ಒಂದು ಸಲ ಕಣ್ಣು ಬಿಟ್ಟು, "ಕಪ್ಪೆ ಏನಾಯ್ತು, ಪಾಪಾದಿಯಾ?" ಎಂದು ನಗಲು ನೋಡಿದ.

ಮರುದಿನ ಸಂತನ ಹಬ್ಬವನ್ನು ಊರು ಸನಿಕೆ ಹಿಡಿದು ಆಚರಿಸಿತು. ಗುಡಿಯೊಳಗೆ ಮೊಣಕಾಲುದ್ದ ಕೆಸರು. ಮಾರ್ಕೆಲೋಸ್ ನಿಲುವಂಗಿ ಸೊಂಟಕ್ಕೆ ಸಿಗಿಸಿಕೊಂಡು ಬಕೆಟ್ಟಿನಲ್ಲಿ ಅದನ್ನು ಹೊತ್ತು ಹಾಕುತ್ತಿದ್ದ. ಅರ್ಗಿರೋ ಅಂಗೈಗೆ ಬಟ್ಟೆ ಸುತ್ತಿಕೊಂಡು ಹೊಸ್ತಿಲಿನ ಮಣ್ಣು ಕೆರೆಯುತ್ತಿದ್ದಳು. ಝಾನಿಸ್ ಬಂದು ಪಕ್ಕದಲ್ಲಿ ಸನಿಕೆ ಊರಿ ನಿಂತ.

"ನೀವು ಎಲ್ಲರ ಜೀವ ಉಳಿಸಿದ್ರಿ," ಎಂದ. ಕೊಂಕಿರಲಿಲ್ಲ. "ನಾಳೆ ನಿಯಮ ಪಾಸಾಗುತ್ತೆ. ಯಾರೂ ಚಕಾರ ಎತ್ತಲ್ಲ."

"ಅದರಲ್ಲಿ ಒಂದು ತಿದ್ದುಪಡಿ ಇದೆ. ರಾತ್ರಿ ಬರೆದೆ. ಪ್ರತಿ ತೊಟ್ಟೀಲೂ ತೂಬು ಅರ್ಧ ಎತ್ತರದಲ್ಲಿ. ತೂಬಿನ ಕೆಳಗೆ ನಿಂತ ನೀರು ಮನೆಯೋರದ್ದು, ಬೇಸಿಗೆಗೆ ಇಟ್ಕೊಳ್ಳಲಿ, ಕುಡೀಲಿ. ಮೇಲಿನ ಅರ್ಧ ಯಾವಾಗ್ಲೂ ಖಾಲಿ. ತೂಬಿಗೆ ವಾಲ್ವ್ ಇರಲ್ಲ."

ಝಾನಿಸ್ ಸನಿಕೆಯಿಂದ ಕೆಸರಿನಲ್ಲಿ ಗೀರು ಎಳೆದ. "ವಾಲ್ವ್ ತೆಗೆದ್ರೆ ನಾಲ್ಕು ಮತ ಹೋಗುತ್ತೆ ಪಾಪಾದಿಯಾ. ಮುದುಕರ ಮತ. ನಾಲ್ಕು ಹೋದ್ರೆ ಇಡೀ ನಿಯಮ ಬಿದ್ದುಹೋಗುತ್ತೆ. ಎರಡು ವರ್ಷದ ಕೆಲಸ ನಿಮ್ಮದು. ವಾಲ್ವ್ ಇರ್ಲಿ, ಕೀಲಿ ಪುರಸಭೇಲಿ ಇಟ್ಕೊಳ್ಳೋಣ."

ಅವಳು ಉತ್ತರ ಕೊಡುವ ಮೊದಲೇ ಅವನು ಕಣ್ಣು ತಪ್ಪಿಸಿ, ದಾರಿಯ ಕಡೆ ನೋಡಿ, ಎರಡು ಹೆಜ್ಜೆ ಹಿಂದೆ ಸರಿದ. ದಾರಿಯಲ್ಲಿ ಫ್ರೋಸೋ ಬರುತ್ತಿದ್ದಳು. ಕೈಯಲ್ಲೊಂದು ಬಕೆಟ್ಟು. ಅವಳನ್ನು ಕರೆಸಿದವನು ಯಾರೆಂದು ಕೇಳಬೇಕಾಗಿರಲಿಲ್ಲ.

ಮುದುಕಿ ಬಕೆಟ್ಟನ್ನು ಹೊಸ್ತಿಲ ಬಳಿ ಇಳಿಸಿದಳು. ಅದರೊಳಗೆ ಹಾವುಮೀನು, ಬಳೆಯ ಹಾಗೆ ಸುತ್ತಿಕೊಂಡು, ಕಿವಿರು ಮಾತ್ರ ಅಲುಗಿಸುತ್ತಿತ್ತು. ತೊಟ್ಟಿಯ ಬುಡದಲ್ಲೇ ಅಂಟಿಕೊಂಡು ಅದು ಬದುಕಿತ್ತು.

"ಲಿನಾರ್ದೋಸ್ ಅಮ್ಮನ ಹತ್ರ ಹೋಗಿದ್ದೆ," ಎಂದಳು. "ಕಾಲಿಗೆ ಬಿದ್ದೆ. ಎಬ್ಬಿಸಿದಳು."

ಅರ್ಗಿರೋ ಅವಳ ಕೈ ಹಿಡಿದುಕೊಂಡಳು. ಒಣ, ತೆಳ್ಳನೆ ಕೈ. ಈ ಕೈಯನ್ನೇ ನಿನ್ನೆ ಜಾಲರಿಯಿಂದ ಪಕ್ಕಕ್ಕೆ ಎಳೆದು ಸರಿಸಬಹುದಿತ್ತು.

"ಈಗ ನಾನೊಂದು ಕೇಳ್ತೀನಿ," ಎಂದಳು ಫ್ರೋಸೋ. "ವಾಲ್ವ್ ತೆಗೀಬೇಡ. ನೀನು ತೆರೆ ಅಂದಾಗ ತೆರೀತೀನಿ. ನಾಲ್ಕನ್ನೂ. ಆಣೆ ಮಾಡ್ತೀನಿ, ಇಲ್ಲೇ, ಸಂತನ ಮುಂದೆ."

"ತೂಬಿನ ಕೆಳಗೆ ಅರ್ಧ ನೀರು ನಿಂದೇ ನೋನಾ. ನಿನ್ನ ಮೀನೂ ಅದರಲ್ಲೇ ಬದುಕುತ್ತೆ."

"ಮಿಕ್ಕಿದ ಅರ್ಧ?" ಮುದುಕಿಯ ದನಿ ಗಟ್ಟಿಯಾಯಿತು. "ಅದು ಹರಿದು ಹೋಗೋದನ್ನ ಕೈಕಟ್ಟಿ ನೋಡ್ಲಾ? ಪ್ರವಾಹ ಒಂದು ಸಂಜೆ ಕಣೇ. ಬಾಯಾರಿಕೆ ಆರು ತಿಂಗಳು. ನನ್ನ ತಮ್ಮ ಹುಟ್ಟಿದ ವರ್ಷ ನೀರಿನ ಹಡಗು ಬರ್ಲಿಲ್ಲ. ಮುಳುಗಿಸಿ ಹೆಸರಿಡೋಕೆ ಒಂದು ಕೊಳಗ ನೀರು ಹುಟ್ಲಿಲ್ಲ ಈ ಊರಲ್ಲಿ. ಮಳೆ ಬರ್ಲಿ, ಮಳೆ ಬರ್ಲಿ ಅಂತ ಕಾದ್ವಿ. ಜ್ವರ ಬಂತು. ನಮ್ಮಮ್ಮ ಅವನನ್ನ ನೀರಿನ ಬದಲು ಗಾಳೀಲಿ ಮೂರು ಸಲ ಎತ್ತಿ, ಒಣ ಗಾಳೀಲಿ, ಹೆಸರು ಹೇಳಿ, ಮಣ್ಣು ಮಾಡಿದಳು." ಅವಳು ಅರ್ಗಿರೋಳ ಬಟ್ಟೆ ಸುತ್ತಿದ ಅಂಗೈಯನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡಳು. "ನಿನ್ನ ದೀಕ್ಷಾಸ್ನಾನದ ದಿನ ನಾನೇ ನಿಂತು ಕೊಳಗ ತುಂಬಿಸಿದೆ. ಅಂಚು ಮುಟ್ಟೋ ಹಾಗೆ. ಪಾದ್ರಿ ಸಾಕಮ್ಮ ಅಂದ್ರು, ಇನ್ನೂ ಹಾಕಿ ಅಂದೆ. ನಿನ್ನ ಹತ್ರ ನಾನು ಜೀವಮಾನದಲ್ಲಿ ಕೇಳಿದ್ದು ಎಷ್ಟು? ನೀನು ನಂಗೆ ಯಾವತ್ತಾದ್ರೂ ಇಲ್ಲ ಅಂದಿದ್ದೀಯಾ?"

ಗುಡಿಯೊಳಗೆ ಸನಿಕೆಯ ಸದ್ದು ನಿಂತಿತ್ತು. ಮಾರ್ಕೆಲೋಸ್ ಬಕೆಟ್ಟು ಹಿಡಿದುಕೊಂಡು ಕತ್ತಲಲ್ಲಿ ಹಾಗೇ ನಿಂತಿದ್ದ. ಝಾನಿಸ್ ಸಮುದ್ರ ನೋಡುತ್ತಿದ್ದ. ಅಲ್ಲಿ ಲಿನಾರ್ದೋಸ್‌ನ ವ್ಯಾನಿನ ಬಿಳಿ ನೆತ್ತಿ ಅಲೆಯ ಮೇಲೆ ಒಂದು ಸಲ ಕಾಣುತ್ತಿತ್ತು, ಒಂದು ಸಲ ಮುಳುಗುತ್ತಿತ್ತು.

ಅರ್ಗಿರೋ ಬಗ್ಗಿ ಆ ಮುದಿ ಕೈಗೆ ಮುತ್ತು ಕೊಟ್ಟಳು. ಆಮೇಲೆ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು.

"ಇಲ್ಲ ನೋನಾ," ಎಂದಳು. "ವಾಲ್ವ್ ಇಡಲ್ಲ."